ಪೈಥಾನ್ ಮೂಲಕ ನಿರ್ದೇಶಾಂಕ ಪರಿವರ್ತನೆ

ಪೈಥಾನ್ ಮೂಲಕ ನಿರ್ದೇಶಾಂಕ ಪರಿವರ್ತನೆ ಎಂದರೆ ಭೂಮಿಯ ಮೇಲಿನ ಸ್ಥಳಗಳ ನಿರ್ದೇಶಾಂಕಗಳನ್ನು ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಬದಲಿಸುವ ತಂತ್ರಾಂಶವನ್ನು ಪೈಥಾನ್ ಭಾಷೆಯ ಸ್ಕ್ರಿಪ್ಟ್‌ಗಳ ಮೂಲಕ ನಡೆಸುವ ಮತ್ತು ಅದಕ್ಕೆ ಹೊಸ ಸಾಮರ್ಥ್ಯಗಳನ್ನು ಸೇರಿಸುವ ವಿಧಾನ. ಈ ಕೆಲಸಕ್ಕೆ ಅತ್ಯಂತ ಹೆಚ್ಚಾಗಿ ಬಳಕೆಯಾಗುವುದು ಪ್ರೋಜ್ ಎಂಬ ಮುಕ್ತ ತಂತ್ರಾಂಶ ಮತ್ತು ಅದನ್ನು ಪೈಥಾನ್‌ಗೆ ಜೋಡಿಸುವ ಪೈಪ್ರೋಜ್ ಎಂಬ ಲೈಬ್ರರಿ. ಹಳೆಯ ಸರ್ವೆ ನಕ್ಷೆ, ಉಪಗ್ರಹ ಚಿತ್ರ, ಮೊಬೈಲ್ ಫೋನಿನ ಜಿಪಿಎಸ್ ಅಳತೆ ಇವುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕಾದ ಕಡೆಯಲ್ಲೆಲ್ಲ ಈ ಪರಿವರ್ತನೆ ಅನಿವಾರ್ಯ. ಈ ಲೇಖನದಲ್ಲಿ ಉದಾಹರಣೆಗಳನ್ನು ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದಿಂದ, ಅಂದರೆ ಅರಕೇರಿಯಂತಹ ಹಳ್ಳಿಗಳಿರುವ ಪ್ರದೇಶದಿಂದ ಆರಿಸಿಕೊಳ್ಳಲಾಗಿದೆ.

ಹಿನ್ನೆಲೆ

ಒಂದೇ ಸ್ಥಳಕ್ಕೆ ಒಂದಕ್ಕಿಂತ ಹೆಚ್ಚು ಅಕ್ಷಾಂಶ ಮತ್ತು ರೇಖಾಂಶಗಳಿರಬಹುದು. ಭೂಮಿಯ ಆಕಾರವನ್ನು ಯಾವ ದೀರ್ಘವೃತ್ತಗೋಳದಿಂದ ಪ್ರತಿನಿಧಿಸಲಾಗಿದೆ, ಆ ಗೋಳವನ್ನು ಭೂಮಿಗೆ ಹೇಗೆ ಹೊಂದಿಸಲಾಗಿದೆ ಎಂಬುದರ ಮೇಲೆ ಅಂಕಿಗಳು ಬದಲಾಗುತ್ತವೆ. ಹೀಗೆ ಹೊಂದಿಸಿದ ಚೌಕಟ್ಟಿಗೆ ಡೇಟಮ್ ಎಂದು ಹೆಸರು.

ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದು ಚಾಲನೆ ನೀಡಿದನು. ಅದಕ್ಕೂ ಮೊದಲು 1800ರಲ್ಲಿ ಅವನು ಬೆಂಗಳೂರಿನಲ್ಲಿ ಒಂದು ಆಧಾರರೇಖೆಯನ್ನು ಅಳೆದಿದ್ದನು. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಲೆಕ್ಕಹಾಕಿದ 1830ರ ದೀರ್ಘವೃತ್ತಗೋಳವೇ ಭಾರತದ ನಕ್ಷೆಗಳಿಗೆ ಬಹುಕಾಲ ಆಧಾರವಾಯಿತು. ಅದರ ಮೂಲಬಿಂದು ಮಧ್ಯಪ್ರದೇಶದ ಸಿರೋಂಜ್ ಬಳಿಯ ಕಲ್ಯಾಣಪುರದಲ್ಲಿದೆ. ಎವರೆಸ್ಟ್ ಗೋಳವನ್ನು ಭಾರತ ಮತ್ತು ಅದರ ನೆರೆಯ ಭೂಭಾಗಕ್ಕೆ ಒಗ್ಗುವಂತೆ ಕೂರಿಸಲಾಗಿತ್ತು. ಹೀಗಾಗಿ ಅದರ ಕೇಂದ್ರವು ಭೂಮಿಯ ದ್ರವ್ಯಕೇಂದ್ರದಿಂದ ನೂರಾರು ಮೀಟರ್ ದೂರದಲ್ಲಿದೆ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಚೌಕಟ್ಟಿನ ಕೇಂದ್ರವು ದ್ರವ್ಯಕೇಂದ್ರವೇ ಆಗಿದೆ. ಎರಡು ಗೋಳಗಳ ಗಾತ್ರದಲ್ಲಿಯೂ ವ್ಯತ್ಯಾಸವಿದೆ: ಎವರೆಸ್ಟ್ ಗೋಳದ 1975ರ ರೂಪದಲ್ಲಿ ಸಮಭಾಜಕ ತ್ರಿಜ್ಯ 63,77,299.151 ಮೀಟರ್, ಡಬ್ಲ್ಯೂಜಿಎಸ್ 84ರಲ್ಲಿ 63,78,137 ಮೀಟರ್.

2005ರ ರಾಷ್ಟ್ರೀಯ ನಕ್ಷಾ ನೀತಿಯು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳನ್ನು ಎರಡು ಸರಣಿಗಳಾಗಿ ವಿಂಗಡಿಸಿತು. ಸಾರ್ವಜನಿಕ ಬಳಕೆಯ ಮುಕ್ತ ಸರಣಿಯು ಡಬ್ಲ್ಯೂಜಿಎಸ್ 84 ಡೇಟಮ್ ಮತ್ತು ಯುಟಿಎಂ ಪ್ರಕ್ಷೇಪದಲ್ಲಿದೆ. ಅದಕ್ಕೂ ಹಿಂದಿನ ಸ್ಥಳಾಕೃತಿ ನಕ್ಷೆಗಳು ಎವರೆಸ್ಟ್ ಆಧಾರದವು. ವಿಜಯಪುರ ನಗರವಿರುವ 47ಪಿ/9 ಸಂಖ್ಯೆಯ ಹಳೆಯ ಹಾಳೆಯೂ ಅಂತಹದೇ. ಅದರಿಂದ ಓದಿದ ಅಕ್ಷಾಂಶವನ್ನು ಹಾಗೆಯೇ ಫೋನಿನ ನಕ್ಷೆಗೆ ಕೊಟ್ಟರೆ ಬಿಂದು ಬೇರೆಡೆ ಬೀಳುತ್ತದೆ.

ಎಷ್ಟು ಬೇರೆಡೆ? ಕಲ್ಯಾಣಪುರ 1975 ಡೇಟಮ್‌ನಿಂದ ಡಬ್ಲ್ಯೂಜಿಎಸ್ 84ಕ್ಕೆ ಹೋಗಲು ಸಾಮಾನ್ಯವಾಗಿ ಬಳಸುವ ಮೂರು ಅಂಕಿಗಳು 295, 736 ಮತ್ತು 257 ಮೀಟರ್. ಇವು ಭೂಕೇಂದ್ರದ ಮೂರು ಅಕ್ಷಗಳ ಗುಂಟ ಮಾಡಬೇಕಾದ ಸ್ಥಾನಾಂತರಗಳು. ಗೋಲ ಗುಮ್ಮಟದ ಬಳಿ ಇವನ್ನು ಅನ್ವಯಿಸಿದರೆ ಡಬ್ಲ್ಯೂಜಿಎಸ್ 84ರ ಅಕ್ಷಾಂಶವು ಸುಮಾರು 3.9 ಸೆಕೆಂಡುಗಳಷ್ಟು ಹೆಚ್ಚು, ರೇಖಾಂಶವು ಸುಮಾರು 3.5 ಸೆಕೆಂಡುಗಳಷ್ಟು ಕಡಿಮೆ ಬರುತ್ತದೆ. ನೆಲದ ಮೇಲೆ ಇದು ಉತ್ತರಕ್ಕೆ 120 ಮೀಟರ್, ಪಶ್ಚಿಮಕ್ಕೆ 105 ಮೀಟರ್. ಪರಿವರ್ತನೆಯನ್ನು ಮರೆತವರ ಬಿಂದುವು ನಿಜವಾದ ಜಾಗದಿಂದ ಆಗ್ನೇಯಕ್ಕೆ ಸುಮಾರು 160 ಮೀಟರ್ ಸರಿದಿರುತ್ತದೆ. ಗೋಲ ಗುಮ್ಮಟದಷ್ಟು ದೊಡ್ಡ ಕಟ್ಟಡವಾದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ತೊರವಿ ಕಡೆಯ ಆದಿಲ್‌ಶಾಹಿ ಕಾಲದ ಕಾರೇಜ್ ಸುರಂಗದ ಗಾಳಿಬಾವಿಗಳಲ್ಲಿ ಒಂದನ್ನು ಹಳೆಯ ನಕ್ಷೆಯಿಂದ ಹುಡುಕುವವರಿಗೆ 160 ಮೀಟರ್ ಎಂದರೆ ಬೇರೆಯವರ ಹೊಲ.

ಪ್ರೋಜ್ ಮತ್ತು ಪೈಪ್ರೋಜ್

ಪ್ರೋಜ್ ತಂತ್ರಾಂಶವನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಜೆರಾಲ್ಡ್ ಎವೆಂಡನ್ ಆರಂಭಿಸಿದರು. ಮೊದಲಿಗೆ ಅದು ನಕ್ಷಾಪ್ರಕ್ಷೇಪಗಳನ್ನು ಲೆಕ್ಕಹಾಕುವ ಸಾಧನವಷ್ಟೇ ಆಗಿತ್ತು. ಮುಂದೆ ಫ್ರಾಂಕ್ ವಾರ್ಮರ್‌ಡ್ಯಾಮ್ ಅವರ ನಿರ್ವಹಣೆಯಲ್ಲಿ ಡೇಟಮ್ ಬದಲಾವಣೆಯೂ ಸೇರಿಕೊಂಡಿತು. 2018ರ 5ನೆಯ ಆವೃತ್ತಿಯು ಹಲವು ಹಂತಗಳನ್ನು ಸರಪಳಿಯಂತೆ ಜೋಡಿಸುವ ಪೈಪ್‌ಲೈನ್ ಸೌಲಭ್ಯವನ್ನು ತಂದಿತು. 2019ರ 6ನೆಯ ಆವೃತ್ತಿಯಲ್ಲಿ ನಿರ್ದೇಶಾಂಕ ವ್ಯವಸ್ಥೆಗಳ ವಿವರಗಳೆಲ್ಲ ಒಂದು ಎಸ್‌ಕ್ಯೂಲೈಟ್ ದತ್ತಸಂಚಯಕ್ಕೆ ಸ್ಥಳಾಂತರಗೊಂಡವು. ಅದಕ್ಕೂ ಮೊದಲು ಡೇಟಮ್ ಪರಿವರ್ತನೆಗಳು ಸಾಮಾನ್ಯವಾಗಿ ಡಬ್ಲ್ಯೂಜಿಎಸ್ 84ರ ಮೂಲಕವೇ ಹಾದುಹೋಗಬೇಕಿತ್ತು. ಆ ನಿರ್ಬಂಧ ಅಲ್ಲಿಗೆ ತೊಲಗಿತು.

ಪೈಪ್ರೋಜ್ ಅನ್ನು ಮೊದಲು ಬರೆದವರು ಜೆಫ್ರಿ ವಿಟೇಕರ್. ಇದು ಸೈಥಾನ್‌ನಲ್ಲಿ ರಚಿತವಾದ ತೆಳುವಾದ ಹೊದಿಕೆ. ಲೆಕ್ಕವನ್ನು ಒಳಗಿನ ಪ್ರೋಜ್ ಲೈಬ್ರರಿಯೇ ಮಾಡುತ್ತದೆ. ಪ್ರೋಜ್ ಮತ್ತು ಪೈಪ್ರೋಜ್ ಎರಡೂ ಎಂಐಟಿ ಮಾದರಿಯ ಪರವಾನಗಿಯಲ್ಲಿ ಉಚಿತವಾಗಿ ಲಭ್ಯವಿವೆ.

ವ್ಯವಸ್ಥೆಗಳನ್ನು ಗುರುತಿಸಲು ಇಪಿಎಸ್‌ಜಿ ಸಂಕೇತಸಂಖ್ಯೆಗಳು ಬಳಕೆಯಲ್ಲಿವೆ. ಕರ್ನಾಟಕಕ್ಕೆ ಸಂಬಂಧಿಸಿದವುಗಳಲ್ಲಿ ಮುಖ್ಯವಾದವು: 4326 (ಡಬ್ಲ್ಯೂಜಿಎಸ್ 84ರ ಅಕ್ಷಾಂಶ ಮತ್ತು ರೇಖಾಂಶ), 32643 (ಡಬ್ಲ್ಯೂಜಿಎಸ್ 84, ಯುಟಿಎಂ 43ನೆಯ ಉತ್ತರ ವಲಯ), 4146 (ಕಲ್ಯಾಣಪುರ 1975), 24343 (ಕಲ್ಯಾಣಪುರ 1975ರ ಮೇಲಿನ ಯುಟಿಎಂ 43) ಮತ್ತು 24381 (ಭಾರತದ 3ಎ ವಲಯದ ಲ್ಯಾಂಬರ್ಟ್ ಜಾಲ). ಯುಟಿಎಂ 43ನೆಯ ವಲಯವು 72ರಿಂದ 78 ಡಿಗ್ರಿ ಪೂರ್ವದವರೆಗೆ ಇದೆ. ರಾಜ್ಯದ ಬಹುಭಾಗ ಇದರೊಳಗೆ ಬಂದರೂ ಮುಳಬಾಗಿಲಿನಂತಹ ಪೂರ್ವದಂಚಿನ ಊರುಗಳು 44ನೆಯ ವಲಯಕ್ಕೆ ಸೇರುತ್ತವೆ.

ಸ್ಕ್ರಿಪ್ಟ್ ಮೂಲಕ ನಡೆಸುವ ವಿಧಾನಗಳು

ಸರಳವಾದ ದಾರಿ ಎಂದರೆ ಪ್ರೋಜ್ ಜೊತೆಗೆ ಬರುವ ಆಜ್ಞಾಸಾಲಿನ ಸಾಧನಗಳಾದ ಸಿಎಸ್2ಸಿಎಸ್ ಅಥವಾ ಸಿಸಿಟಿಯನ್ನು ಪೈಥಾನ್‌ನ ಸಬ್‌ಪ್ರೊಸೆಸ್ ಮಾಡ್ಯೂಲ್ ಮೂಲಕ ಕರೆಯುವುದು. ಪಠ್ಯರೂಪದ ಸಾಲುಗಳು ಒಳಹೋಗುತ್ತವೆ, ಪಠ್ಯರೂಪದ ಸಾಲುಗಳು ಹೊರಬರುತ್ತವೆ. ಒಂದೆರಡು ಕಡತಗಳಿಗೆ ಇದು ಸಾಕು. ಪ್ರತಿ ಬಿಂದುವಿಗೂ ಪ್ರತ್ಯೇಕವಾಗಿ ಪ್ರೋಗ್ರಾಂ ಆರಂಭಿಸುವಂತೆ ಬರೆದರೆ ಮಾತ್ರ ಅತಿ ನಿಧಾನವಾಗುತ್ತದೆ.

ಎರಡನೆಯ ದಾರಿ ಪೈಪ್ರೋಜ್‌ನ ಟ್ರಾನ್ಸ್‌ಫಾರ್ಮರ್ ಎಂಬ ವರ್ಗ. ಮೂಲ ಮತ್ತು ಗುರಿ ವ್ಯವಸ್ಥೆಗಳ ಸಂಕೇತಗಳನ್ನು ಕೊಟ್ಟು ಒಂದು ಟ್ರಾನ್ಸ್‌ಫಾರ್ಮರ್ ವಸ್ತುವನ್ನು ರಚಿಸಿಕೊಂಡು, ಅದರ ಟ್ರಾನ್ಸ್‌ಫಾರ್ಮ್ ವಿಧಾನಕ್ಕೆ ಬಿಂದುಗಳನ್ನು ಒದಗಿಸಬೇಕು. ದತ್ತಸಂಚಯವನ್ನು ತೆರೆದು ಸೂಕ್ತ ಪರಿವರ್ತನೆಯನ್ನು ಆಯ್ದುಕೊಳ್ಳುವ ಕೆಲಸ ರಚನೆಯ ಸಮಯದಲ್ಲೇ ನಡೆಯುವುದರಿಂದ, ಆ ಸಾಲನ್ನು ಲೂಪ್‌ನ ಹೊರಗೆ ಇಡುವುದು ಕ್ರಮ. ನಂಪೈ ಸರಣಿಗಳನ್ನು ಇಡಿಯಾಗಿ ಒಪ್ಪಿಸಿದರೆ ಲಕ್ಷಾಂತರ ಬಿಂದುಗಳು ಒಂದೇ ಕರೆಯಲ್ಲಿ ಮುಗಿಯುತ್ತವೆ. ಹಳೆಯ ಪಾಠಗಳಲ್ಲಿ ಕಾಣುವ, ಇನಿಟ್ ಎಂಬ ಪದದಿಂದ ಆರಂಭವಾಗುವ ಬರವಣಿಗೆಯ ಕ್ರಮವು ಈಗ ಬಳಕೆಯಿಂದ ಹಿಂದೆ ಸರಿದಿದೆ; ಹುಡುಕಾಟದಲ್ಲಿ ಅದೇ ಮೊದಲು ಸಿಗುವುದರಿಂದ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು.

ಗೋಲ ಗುಮ್ಮಟದ ಅಕ್ಷಾಂಶವನ್ನು 16.83, ರೇಖಾಂಶವನ್ನು 75.736 ಎಂದು ತೆಗೆದುಕೊಂಡು 4326ರಿಂದ 32643ಕ್ಕೆ ಪರಿವರ್ತಿಸಿದರೆ ಪೂರ್ವಾಂಕ ಸುಮಾರು 5,78,414 ಮೀಟರ್, ಉತ್ತರಾಂಕ ಸುಮಾರು 18,60,895 ಮೀಟರ್ ದೊರೆಯುತ್ತದೆ. ಹೊಸ ಸ್ಕ್ರಿಪ್ಟ್ ಬರೆದಾಗ ಪರೀಕ್ಷಿಸಿಕೊಳ್ಳಲು ಇಂತಹ ಒಂದು ಪರಿಚಿತ ಬಿಂದು ಕೈಯಲ್ಲಿರಬೇಕು.

ಕ್ಯೂಜಿಐಎಸ್ ಬಳಸುವವರಿಗೆ ಅದರೊಳಗೇ ಪೈಥಾನ್ ಕನ್ಸೋಲ್ ಇದೆ. ಜಿಯೋಪಾಂಡಾಸ್ ಲೈಬ್ರರಿಯು ಇಡೀ ಪದರವನ್ನು ಒಂದೇ ಸಾಲಿನಲ್ಲಿ ಪರಿವರ್ತಿಸುತ್ತದೆ. ಇವೆರಡರ ಕೆಳಗೆ ಕೆಲಸ ಮಾಡುವುದೂ ಪ್ರೋಜ್.

ಅಕ್ಷಗಳ ಕ್ರಮ

ಇಪಿಎಸ್‌ಜಿ ನಿಯಮದ ಪ್ರಕಾರ 4326ರಲ್ಲಿ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಆದರೆ ಹೆಚ್ಚಿನ ತಂತ್ರಾಂಶಗಳು ಅಡ್ಡ ಅಕ್ಷವನ್ನು ಮೊದಲು ಬರೆಯುವ ರೂಢಿಯಿಂದ ರೇಖಾಂಶವನ್ನೇ ಮುಂದಿಡುತ್ತವೆ. ಪ್ರೋಜ್ 6ರಿಂದೀಚೆಗೆ ಅಧಿಕೃತ ಕ್ರಮವನ್ನೇ ಪಾಲಿಸಲಾಗುತ್ತಿದೆ. ಕ್ರಮ ತಲೆಕೆಳಗಾದರೆ ವಿಜಯಪುರದ ಬಿಂದುವು 75.7 ಡಿಗ್ರಿ ಉತ್ತರ, 16.8 ಡಿಗ್ರಿ ಪೂರ್ವಕ್ಕೆ, ಅಂದರೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ಹಿಮಸಮುದ್ರಕ್ಕೆ ಹೋಗಿ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ರಚಿಸುವಾಗ ಆಲ್ವೇಸ್ ಎಕ್ಸ್‌ವೈ ಎಂಬ ಆಯ್ಕೆಯನ್ನು ನಿಜ ಎಂದು ಕೊಟ್ಟರೆ ಯಾವಾಗಲೂ ರೇಖಾಂಶವೇ ಮೊದಲು ಎಂದು ನಿಶ್ಚಯವಾಗುತ್ತದೆ. ಇದು ದೊಡ್ಡ ತಪ್ಪಾದರೂ ಅಪಾಯಕಾರಿಯಲ್ಲ, ಏಕೆಂದರೆ ಬೇಗ ಸಿಕ್ಕಿಬೀಳುತ್ತದೆ. ನಿಜವಾದ ಅಪಾಯವಿರುವುದು ನೂರಿನ್ನೂರು ಮೀಟರಿನ ತಪ್ಪುಗಳಲ್ಲಿ.

ಪರಿವರ್ತನೆಯ ಆಯ್ಕೆ ಮತ್ತು ನಿಖರತೆ

ಎರಡು ಡೇಟಮ್‌ಗಳ ನಡುವೆ ಒಂದಕ್ಕಿಂತ ಹೆಚ್ಚು ಪ್ರಕಟಿತ ಪರಿವರ್ತನೆಗಳಿರಬಹುದು. ಟ್ರಾನ್ಸ್‌ಫಾರ್ಮರ್‌ಗ್ರೂಪ್ ಎಂಬ ವರ್ಗವು ಲಭ್ಯವಿರುವ ಎಲ್ಲವನ್ನೂ ಅವುಗಳ ನಿಖರತೆಯೊಂದಿಗೆ ಪಟ್ಟಿಮಾಡುತ್ತದೆ. ಸೂಕ್ತವಾದುದು ಯಾವುದೂ ಸಿಗದಿದ್ದರೆ ಪ್ರೋಜ್ ಡೇಟಮ್ ಬದಲಾವಣೆಯನ್ನೇ ಕೈಬಿಟ್ಟು ಅಂದಾಜಿನ ಪರಿವರ್ತನೆ ಮಾಡಬಲ್ಲದು. ಯಾವ ದೋಷಸೂಚನೆಯೂ ಇಲ್ಲದೆ ಮೇಲೆ ಹೇಳಿದ 160 ಮೀಟರಿನ ತಪ್ಪು ನುಸುಳುವುದು ಹೀಗೆ. ಪೈಪ್ರೋಜ್‌ನ 3.1ನೆಯ ಆವೃತ್ತಿಯಿಂದ ಅಲೋ ಬಾಲ್‌ಪಾರ್ಕ್ ಆಯ್ಕೆಯನ್ನು ನಿರಾಕರಿಸಿ ಇದನ್ನು ತಡೆಯಬಹುದು. ಹಳೆಯ ಭಾರತೀಯ ನಕ್ಷೆಗಳೊಂದಿಗೆ ಕೆಲಸ ಮಾಡುವ ಪ್ರತಿಯೊಂದು ಸ್ಕ್ರಿಪ್ಟ್‌ನಲ್ಲಿಯೂ ಈ ನಿರಾಕರಣೆ ಇರತಕ್ಕದ್ದು.

ಮೇಲಿನ 295, 736, 257 ಅಂಕಿಗಳನ್ನು ಕೇವಲ 7 ಕೇಂದ್ರಗಳ ವೀಕ್ಷಣೆಯಿಂದ ಪಡೆಯಲಾಗಿದ್ದು, ಮೂರು ಅಕ್ಷಗಳಲ್ಲಿ ಕ್ರಮವಾಗಿ 12, 10 ಮತ್ತು 15 ಮೀಟರಿನ ಅನಿಶ್ಚಿತತೆಯನ್ನು ಅವುಗಳಿಗೆ ಲಗತ್ತಿಸಲಾಗಿದೆ. ಸ್ಕ್ರಿಪ್ಟ್ ಮಿಲಿಮೀಟರ್‌ವರೆಗಿನ ದಶಮಾಂಶಗಳನ್ನು ಮುದ್ರಿಸಿದರೂ ಉತ್ತರದ ಬೆಲೆ ಹತ್ತಿಪ್ಪತ್ತು ಮೀಟರಿನದೇ. ಸ್ಮಾರಕವನ್ನು ಅಥವಾ ಕೆರೆಯನ್ನು ಗುರುತಿಸಲು ಇದು ಸಾಕು, ಬದುವನ್ನು ತೀರ್ಮಾನಿಸಲು ಸಾಲದು.

ಎವರೆಸ್ಟ್ ಗೋಳಕ್ಕೆ ಹಲವು ರೂಪಗಳಿರುವುದೂ ತೊಡಕಿನ ಸಂಗತಿ. ಅಡಿಯನ್ನು ಮೀಟರಿಗೆ ಬದಲಿಸಿದ ಗುಣಕಗಳು ಬೇರೆಬೇರೆಯಾಗಿದ್ದುದರಿಂದ 63,77,276.345 ಮೀಟರಿನ ತ್ರಿಜ್ಯವೂ ಬಳಕೆಯಲ್ಲಿದೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ವಿಜಯಪುರದ ಅಕ್ಷಾಂಶದಲ್ಲಿ ಯುಟಿಎಂ ಉತ್ತರಾಂಕವು 6 ಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

ವಿಸ್ತರಣೆ: ಹಳ್ಳಿಯ ನಕ್ಷೆಯನ್ನು ಜೋಡಿಸುವುದು

ಸಿದ್ಧ ಸಂಕೇತಸಂಖ್ಯೆಗಳು ಕೈಕೊಡುವುದು ಕಂದಾಯ ನಕ್ಷೆಗಳ ವಿಷಯದಲ್ಲಿ. ವಿಜಯಪುರ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಮೋಜಣಿ ಪದ್ಧತಿಯಲ್ಲಿ 33 ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆಯುತ್ತಿದ್ದರು. ಒಂದು ಸರಪಳಿಗೆ 16 ಆಣೆ, ಒಂದು ಸರಪಳಿ ಉದ್ದ ಮತ್ತು ಒಂದು ಸರಪಳಿ ಅಗಲದ ಜಾಗ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಹಳ್ಳಿಯ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದಲ್ಲಿವೆ, ಅಂದರೆ ಒಂದು ಅಂಗುಲಕ್ಕೆ 20 ಸರಪಳಿ. ಅವುಗಳ ಮೇಲೆ ಅಕ್ಷಾಂಶವಾಗಲಿ ರೇಖಾಂಶವಾಗಲಿ ಇರುವುದಿಲ್ಲ. ಉತಾರದಲ್ಲಿರುವ ಸರ್ವೆ ನಂಬರನ್ನು ಉಪಗ್ರಹ ಚಿತ್ರದ ಮೇಲೆ ನೋಡಬೇಕಾದರೆ, ನಕ್ಷೆಯ ಅಳತೆಗಳಿಂದ ಯುಟಿಎಂಗೆ ಹೋಗುವ ಪರಿವರ್ತನೆಯನ್ನು ಬಳಕೆದಾರರೇ ಕಟ್ಟಬೇಕು.

ಇದಕ್ಕೆ ನಕ್ಷೆಯಲ್ಲಿಯೂ ನೆಲದಲ್ಲಿಯೂ ನಿಸ್ಸಂದೇಹವಾಗಿ ಗುರುತಿಸಬಹುದಾದ ಬಿಂದುಗಳು ಬೇಕು: ಮೂರು ಹಳ್ಳಿಗಳ ಸೀಮೆ ಕೂಡುವ ಕಲ್ಲು, ಹಳೆಯ ಬಾಂದುಕಲ್ಲು, ಕಲ್ಲು ಕಟ್ಟಿದ ಬಾವಿ, ಗುಡಿಯ ಮೂಲೆ. ಅವುಗಳ ಜಿಪಿಎಸ್ ಸ್ಥಾನಗಳನ್ನು ಯುಟಿಎಂಗೆ ಬದಲಿಸಿಕೊಂಡ ಮೇಲೆ, ನಕ್ಷೆಯ ಅಂಕಿಗಳಿಗೂ ಅವಕ್ಕೂ ಇರುವ ಸಂಬಂಧವನ್ನು ನಂಪೈನ ಕನಿಷ್ಠ ವರ್ಗ ವಿಧಾನದಿಂದ ಕಂಡುಹಿಡಿಯಲಾಗುತ್ತದೆ. ನಾಲ್ಕು ಪ್ರಾಚಲಗಳ ಸಾದೃಶ್ಯ ಪರಿವರ್ತನೆಯಲ್ಲಿ ಎರಡು ಸ್ಥಾನಾಂತರ, ಒಂದು ತಿರುವು, ಒಂದು ಪ್ರಮಾಣ ಇರುತ್ತವೆ. ಇದಕ್ಕೆ ಕನಿಷ್ಠ ಎರಡು ಬಿಂದುಗಳು ಸಾಕು. ಆರು ಪ್ರಾಚಲಗಳ ಅಫೈನ್ ಪರಿವರ್ತನೆಗೆ ಮೂರು ಬೇಕು. ಕಾಗದ ಅಥವಾ ಬಟ್ಟೆಯ ಮೇಲಿನ ಹಳೆಯ ನಕ್ಷೆಗಳು ಉದ್ದಕ್ಕೂ ಅಡ್ಡಕ್ಕೂ ಒಂದೇ ರೀತಿ ಕುಗ್ಗಿರುವುದಿಲ್ಲವಾದ್ದರಿಂದ ಅಫೈನ್ ರೂಪವೇ ಹೆಚ್ಚು ಹೊಂದುತ್ತದೆ. ಒಂದು ದಿಕ್ಕಿನಲ್ಲಿ ಶೇಕಡಾ 1ರಷ್ಟು ಕುಗ್ಗಿದರೂ 3 ಕಿಲೋಮೀಟರ್ ಅಗಲದ ಹಳ್ಳಿಯಲ್ಲಿ ಅದು 30 ಮೀಟರ್ ಆಗುತ್ತದೆ.

ಕನಿಷ್ಠ ಸಂಖ್ಯೆಯ ಬಿಂದುಗಳಿಂದ ಮಾಡಿದ ಹೊಂದಾಣಿಕೆ ಯಾವಾಗಲೂ ಪರಿಪೂರ್ಣವಾಗಿ ಕಾಣುತ್ತದೆ. ಅದು ಏನನ್ನೂ ಸಾಬೀತುಮಾಡುವುದಿಲ್ಲ. ಎಂಟು ಹತ್ತು ಬಿಂದುಗಳಿದ್ದಾಗ ಪ್ರತಿಯೊಂದರ ಉಳಿಕೆಯನ್ನು, ಎಂದರೆ ಲೆಕ್ಕದ ಸ್ಥಾನಕ್ಕೂ ಅಳೆದ ಸ್ಥಾನಕ್ಕೂ ಇರುವ ಅಂತರವನ್ನು ನೋಡಬೇಕು. 1:7920ರ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಗೆರೆಯೇ ನೆಲದ ಮೇಲೆ 4 ಮೀಟರ್ ದಪ್ಪವಾಗುವುದರಿಂದ ಕೆಲವು ಮೀಟರಿನ ಉಳಿಕೆ ಸಹಜ. ಒಂದು ಕಲ್ಲಿನ ಉಳಿಕೆ ಮಾತ್ರ 20 ಮೀಟರ್ ಇದ್ದರೆ ಆ ಕಲ್ಲನ್ನು ಯಾರೋ ಕಿತ್ತು ಸರಿಸಿರಬಹುದು. ಆದರೆ ಕನಿಷ್ಠ ವರ್ಗ ವಿಧಾನವು ಒಂದು ಬಿಂದುವಿನ ತಪ್ಪನ್ನು ಉಳಿದವುಗಳಿಗೂ ಹಂಚಿಬಿಡುತ್ತದೆ. ಆದ್ದರಿಂದ ಒಂದೊಂದೇ ಬಿಂದುವನ್ನು ಹೊರಗಿಟ್ಟು ಮರುಲೆಕ್ಕ ಮಾಡುವ ಪುಟ್ಟ ಲೂಪ್ ಬರೆಯುವುದು ಉತ್ತಮ. ಪೈಥಾನ್‌ನಲ್ಲಿ ಇದು ಹತ್ತು ಸಾಲಿನ ಕೆಲಸ. ಬಿಂದುಗಳು ಹಳ್ಳಿಯನ್ನು ಸುತ್ತುವರಿದಿರಬೇಕು. ಊರೊಳಗಿನ ನಾಲ್ಕು ಬಿಂದುಗಳಿಂದ ಕಟ್ಟಿದ ಸೂತ್ರ ಸೀಮೆಯ ಹೊಲಗಳಲ್ಲಿ ದಾರಿ ತಪ್ಪುತ್ತದೆ.

ಹೀಗೆ ದೊರೆತ ಪ್ರಾಚಲಗಳನ್ನು ಪ್ರೋಜ್‌ಗೆ ಮರಳಿ ಸೇರಿಸಬಹುದು. ಅಫೈನ್ ಎಂಬ ಹಂತವು 6ನೆಯ ಆವೃತ್ತಿಯಿಂದ ಲಭ್ಯವಿದೆ. ಅದನ್ನು ಮೊದಲ ಹಂತವಾಗಿಸಿ, ಯುಟಿಎಂನಿಂದ ಹಿಂದಕ್ಕೆ ಅಕ್ಷಾಂಶ ಮತ್ತು ರೇಖಾಂಶಕ್ಕೆ ಹೋಗುವುದನ್ನು ಎರಡನೆಯ ಹಂತವಾಗಿಸಿ ಒಂದು ಪೈಪ್‌ಲೈನ್ ವಾಕ್ಯ ಬರೆದರೆ, ಪೈಪ್ರೋಜ್‌ನ ಫ್ರಮ್ ಪೈಪ್‌ಲೈನ್ ವಿಧಾನ ಅದನ್ನು ನೇರವಾಗಿ ಓದುತ್ತದೆ. ಆ ವಾಕ್ಯವನ್ನು ಹಳ್ಳಿಯ ಹೆಸರಿನ ಕಡತದಲ್ಲಿ ಉಳಿಸಿಟ್ಟರೆ ಇನ್ನೊಬ್ಬರು ಅದೇ ಪರಿವರ್ತನೆಯನ್ನು ಪುನರಾವರ್ತಿಸಬಹುದು.

ನಕ್ಷೆಯ ಬೇರೆಬೇರೆ ಭಾಗಗಳು ಬೇರೆಬೇರೆ ರೀತಿ ವಿರೂಪಗೊಂಡಿದ್ದರೆ ಒಂದೇ ಸೂತ್ರ ಸಾಲದು. 7.2ನೆಯ ಆವೃತ್ತಿಯಲ್ಲಿ ಬಂದ ಟಿನ್‌ಶಿಫ್ಟ್ ಎಂಬ ಹಂತವು ಬಿಂದುಗಳ ನಡುವೆ ಎಳೆದ ತ್ರಿಕೋನಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಪರಿವರ್ತನೆಯನ್ನು ಅನ್ವಯಿಸುತ್ತದೆ. ಇದರ ಕಡತ ಜೇಸನ್ ರೂಪದಲ್ಲಿರುವುದರಿಂದ ಸೈಪೈನ ಡೆಲೋನೆ ತ್ರಿಕೋನೀಕರಣ ಬಳಸಿ ಪೈಥಾನ್‌ನಿಂದಲೇ ತಯಾರಿಸಬಹುದು. ಜಿಲ್ಲೆಯಷ್ಟು ವಿಶಾಲ ಪ್ರದೇಶಗಳಿಗೆ ಜಾಲಕಡತಗಳನ್ನು ರಚಿಸಿ ಪ್ರೋಜ್‌ನ ದತ್ತಕೋಶಕ್ಕೆ ಸೇರಿಸುವ ಕ್ರಮವಿದೆ. ಸಂಪೂರ್ಣ ಹೊಸದೊಂದು ಪ್ರಕ್ಷೇಪವನ್ನು ಮಾತ್ರ ಪೈಥಾನ್‌ನಿಂದ ಪ್ರೋಜ್‌ನೊಳಗೆ ಸೇರಿಸಲಾಗದು. ಅದಕ್ಕೆ ಮೂಲಸಂಕೇತವನ್ನು ಸಿ ಅಥವಾ ಸಿ++ನಲ್ಲಿ ಬದಲಿಸಿ ಮರುಸಂಕಲಿಸಬೇಕು.

ಸ್ಥಳೀಯ ಪ್ರಕ್ಷೇಪ

ಯುಟಿಎಂನಲ್ಲಿ ಅಳೆದ ದೂರ ನೆಲದ ದೂರಕ್ಕೆ ಸಮವಲ್ಲ. ಗೋಲ ಗುಮ್ಮಟದ ಬಳಿ ಪ್ರಮಾಣಗುಣಕ ಸುಮಾರು 0.99968, ದೀರ್ಘವೃತ್ತಗೋಳದ ಮೇಲಿನ ಒಂದು ಕಿಲೋಮೀಟರ್ ನಕ್ಷೆಯಲ್ಲಿ 32 ಸೆಂಟಿಮೀಟರ್ ಕಡಿಮೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಪ್ರಸ್ಥಭೂಮಿಯಾದ್ದರಿಂದ ಇದಕ್ಕೆ ಇನ್ನೂ ಕೆಲವು ಸೆಂಟಿಮೀಟರ್ ಸೇರುತ್ತದೆ. ಗೋಳದ ಮೇಲಿನ ಲೆಕ್ಕವನ್ನಷ್ಟೇ ಹಿಡಿದರೂ ಒಂದು ಎಕರೆ ಹೊಲ ಸುಮಾರು 2.6 ಚದರ ಮೀಟರ್ ಕಡಿಮೆ ಕಾಣುತ್ತದೆ. ಹಳ್ಳಿಯ ಮಧ್ಯದ ರೇಖಾಂಶವನ್ನೇ ಮಧ್ಯರೇಖೆಯಾಗಿಸಿ, ಪ್ರಮಾಣಗುಣಕ 1 ಎಂದಿಟ್ಟು ತನ್ನದೇ ಟ್ರಾನ್ಸ್‌ವರ್ಸ್ ಮರ್ಕೇಟರ್ ವ್ಯವಸ್ಥೆಯನ್ನು ಪೈಪ್ರೋಜ್‌ನ ಸಿಆರ್‌ಎಸ್ ವರ್ಗದಿಂದ ರಚಿಸಿದರೆ ಪ್ರಕ್ಷೇಪದಿಂದ ಬರುವ ಈ ಕೊರತೆ ನೀಗುತ್ತದೆ. ವಿಸ್ತೀರ್ಣ ಮಾತ್ರ ಬೇಕಿದ್ದರೆ ಪೈಪ್ರೋಜ್‌ನ ಜಿಯೋಡ್ ವರ್ಗವು ಪ್ರಕ್ಷೇಪದ ಹಂಗಿಲ್ಲದೆ ಗೋಳದ ಮೇಲೆಯೇ ಲೆಕ್ಕ ಮಾಡಿಕೊಡುತ್ತದೆ.

ಕನ್ನಡ ದತ್ತಾಂಶ

ಪೈಥಾನ್ 3ರಲ್ಲಿ ಪಠ್ಯವೆಲ್ಲ ಯುನಿಕೋಡ್ ಆಗಿರುವುದರಿಂದ ಗ್ರಾಮಗಳ ಮತ್ತು ಹೊಲಗಳ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಸಂಖ್ಯೆಗಳ ವಿಷಯದಲ್ಲಿ ಒಂದು ಅನುಕೂಲವಿದೆ: ಫ್ಲೋಟ್ ಎಂಬ ಫಂಕ್ಷನ್‌ಗೆ ೧೬.೮೩ ಎಂದು ಕನ್ನಡ ಅಂಕಿಗಳಲ್ಲಿ ಬರೆದ ಪಠ್ಯವನ್ನು ಕೊಟ್ಟರೂ ಅದು 16.83 ಎಂದೇ ಓದಿಕೊಳ್ಳುತ್ತದೆ. ನುಡಿಯ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ಮಾತ್ರ ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತವೆ.

ಪರೀಕ್ಷೆ ಮತ್ತು ಮಿತಿಗಳು

ಬಿಂದುವನ್ನು ಪರಿವರ್ತಿಸಿ ಮತ್ತೆ ಹಿಂದಕ್ಕೆ ತಂದು ಹೋಲಿಸುವ ಪರೀಕ್ಷೆ ಜನಪ್ರಿಯವಾಗಿದೆ. ಆದರೆ ತಪ್ಪು ಡೇಟಮ್ ಆರಿಸಿದ್ದರೂ ಆ ಪರೀಕ್ಷೆ ಉತ್ತೀರ್ಣವಾಗುತ್ತದೆ, ಏಕೆಂದರೆ ಹೋಗುವಾಗಿನ ತಪ್ಪು ಬರುವಾಗ ರದ್ದಾಗುತ್ತದೆ. ಪರಿಚಿತ ಬಿಂದುವಿನೊಂದಿಗಿನ ಹೋಲಿಕೆಯೇ ನಂಬಲರ್ಹ. ವ್ಯಾಪ್ತಿಯ ಪರೀಕ್ಷೆಯೂ ಉಪಯುಕ್ತ: ವಿಜಯಪುರ ಜಿಲ್ಲೆಯು 75 ಡಿಗ್ರಿ ರೇಖಾಂಶದ ಪೂರ್ವಕ್ಕಿರುವುದರಿಂದ ಅಲ್ಲಿನ ಯಾವ ಬಿಂದುವಿನ ಯುಟಿಎಂ ಪೂರ್ವಾಂಕವೂ 5,00,000ಕ್ಕಿಂತ ಕಡಿಮೆ ಬರಕೂಡದು.

ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದತ್ತ ಚಲಿಸುತ್ತಿದೆ. ಸೆಂಟಿಮೀಟರ್ ನಿಖರತೆಯ ಉಪಕರಣಗಳನ್ನು ಬಳಸುವಾಗ ಅಳತೆಯ ದಿನಾಂಕವೂ ನಿರ್ದೇಶಾಂಕದ ಭಾಗವಾಗುತ್ತದೆ. 20 ವರ್ಷಗಳ ಅಂತರದ ಎರಡು ಅಳತೆಗಳ ನಡುವೆ ಸುಮಾರು ಒಂದು ಮೀಟರ್ ವ್ಯತ್ಯಾಸವಿರಬಲ್ಲದು. ಪ್ರೋಜ್ ಕಾಲವನ್ನು ನಾಲ್ಕನೆಯ ನಿರ್ದೇಶಾಂಕವಾಗಿ ಸ್ವೀಕರಿಸುತ್ತದೆ.

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಫೋನಿನಲ್ಲಿ ತೋರಿಸುತ್ತದೆ. ಇಂತಹ ಆ್ಯಪ್ ಆಗಲಿ, ಮೇಲೆ ವಿವರಿಸಿದಂತೆ ಸ್ವತಃ ಜೋಡಿಸಿದ ನಕ್ಷೆಯಾಗಲಿ ಮಾಹಿತಿಗಷ್ಟೇ. ಹೊಲದ ಗಡಿಯ ತಕರಾರಿನಲ್ಲಿ ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿ ಸರ್ಕಾರಿ ಭೂಮಾಪಕರಿಂದ ಅಳತೆ ಮಾಡಿಸಿಕೊಳ್ಳಬೇಕಾಗುತ್ತದೆ.